ಕೊಕ್ಕು ನೀರಿಗಿಳಿದ ಗಳಿಗೆ
(ಬಾನುಲಿ ಭಾಷಣ)

ನಮ್ಮ ಭಾಷೆಯಲ್ಲಿ ‘ಬಕಧ್ಯಾನ’ ಎಂಬ ಮಾತಿದೆ. ಕಪಟಿಯ ಭಕ್ತಿಗೆ, ಹೊಂಚುಗಾರನ ಮೌನಕ್ಕೆ ನಾವು ಇಟ್ಟಿರುವ ಹೆಸರು ಅದು. ಪಂಚತಂತ್ರದ ಮುದಿಬಕ ಕೆರೆಯ ಮೀನುಗಳಿಗೆ ವೈರಾಗ್ಯವನ್ನು ನಟಿಸಿ ತೋರಿಸಿ, ಒಂದೊಂದನ್ನಾಗಿ ನುಂಗಿ, ಕೊನೆಗೆ ಏಡಿಯಿಂದ ಕತ್ತು ಕತ್ತರಿಸಿಕೊಂಡ ಕಥೆ ಎಲ್ಲರಿಗೂ ಗೊತ್ತು. ಮಹಾಭಾರತದಲ್ಲಿ ನಾಲ್ವರು ಪಾಂಡವರನ್ನು ಕೊಳದ ದಡದಲ್ಲಿ ಕೆಡಹಿ ಧರ್ಮರಾಯನನ್ನು ಪ್ರಶ್ನಿಸಿದ ಯಕ್ಷನೂ ಮೊದಲು ತಾನೊಂದು ಬಕವೆಂದೇ ಹೇಳಿಕೊಳ್ಳುತ್ತಾನೆ. ಈ ಹಕ್ಕಿಯ ನಿಲುವನ್ನು ನಮ್ಮ ಹಿರಿಯರು ಕಣ್ಣಿಟ್ಟು ನೋಡಿದ್ದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರು ನೋಡಿದ್ದು ಅರ್ಧವನ್ನು ಮಾತ್ರ. ಧ್ಯಾನ ಮುರಿದು, ಕೊಕ್ಕು ನೀರಿಗಿಳಿದು, ಮೀನಿನೊಡನೆ ಮೇಲೆದ್ದು ಬರುವ ಇನ್ನರ್ಧ ಮನುಷ್ಯನ ಕಣ್ಣಿಗೆ ದಕ್ಕುವುದಿಲ್ಲ. ಮೊದಲು ಮೀನಿಲ್ಲದ ಹಕ್ಕಿ. ಆಮೇಲೆ ಮೀನಿರುವ ಹಕ್ಕಿ. ನಡುವೆ ನಮ್ಮ ಪಾಲಿಗೆ ಏನೂ ಇಲ್ಲ.

ಆ ನಡುವಿನ ಗಳಿಗೆಯನ್ನು ಛಾಯಾಚಿತ್ರದಲ್ಲಿ ಹಿಡಿಯಲು ಮನುಷ್ಯ ಪಟ್ಟ ಪಾಡು ಈ ಹೊತ್ತಿನ ನನ್ನ ವಿಷಯ. ನಾನು ಪಕ್ಷಿವಿಜ್ಞಾನಿಯಲ್ಲ. ಕ್ಯಾಮೆರಾ ಹೊತ್ತು ಹಲವು ವರ್ಷ ಕೆರೆಗಳ ಅಂಚಿನಲ್ಲಿ ಅಲೆದವನು; ಅಲೆದದ್ದಕ್ಕೆ ತಕ್ಕಷ್ಟು ಚಿತ್ರಗಳನ್ನು ತಾರದೆ ಮನೆಗೆ ಬಂದವನು. ಒಂದು ತಪ್ಪನ್ನೂ ಅಚ್ಚು ಹಾಕಿಸಿದವನು. ಅದನ್ನು ಹೇಳಿಬಿಡುವ ಸಲುವಾಗಿಯೇ ಈ ಮಾತಿಗೆ ಒಪ್ಪಿದೆನೆಂದರೂ ಸುಳ್ಳಲ್ಲ. ಆ ತಪ್ಪಿನ ಬಳಿಗೆ ಬರುವ ಮುನ್ನ ಸ್ವಲ್ಪ ಹಳೆಯ ಕಥೆಯನ್ನು ಹೇಳಬೇಕು.

ಹಕ್ಕಿಯ ವೇಗಕ್ಕೆ ಸಮನಾಗಿ ಕ್ಯಾಮೆರಾವನ್ನು ಓಡಿಸಬೇಕೆಂದು ಮೊದಲು ಹಟ ತೊಟ್ಟವರಲ್ಲಿ ಎತಿಯೆನ್ ಜೂಲ್ ಮಾರೆ ಪ್ರಮುಖ. ಫ್ರಾನ್ಸಿನವನು, ಶರೀರಶಾಸ್ತ್ರಜ್ಞ. 1882ರಲ್ಲಿ ಅವನು ಬಂದೂಕಿನ ಆಕಾರದ ಒಂದು ಕ್ಯಾಮೆರಾ ಮಾಡಿಸಿದ. ಗುಂಡು ಇರಬೇಕಾದಲ್ಲಿ ದುಂಡಗಿನದೊಂದು ಫಲಕ; ಕುದುರೆ ಎಳೆದರೆ ಫಲಕ ತಿರುಗಿ ಒಂದು ಸೆಕೆಂಡಿನಲ್ಲಿ 12 ಚಿತ್ರಗಳು ಮೂಡುತ್ತಿದ್ದವು. ಒಂದೊಂದಕ್ಕೂ ಬೆಳಕು ಬೀಳುತ್ತಿದ್ದುದು ಸೆಕೆಂಡಿನ 720ನೆಯ ಒಂದು ಪಾಲು. ಇಟಲಿಯ ನೇಪಲ್ಸ್ ಬಳಿ ಕಡಲ ಹಕ್ಕಿಗಳಿಗೆ ಗುರಿಯಿಟ್ಟು ಕುದುರೆ ಎಳೆಯುತ್ತ, ಒಂದು ಹಕ್ಕಿಯನ್ನೂ ಕೆಡಹದೆ, ಅದರಿಂದಲೇ ಹಿಗ್ಗುತ್ತಿದ್ದ ಈ ಮನುಷ್ಯ ಊರಿನವರಿಗೆ ಮರುಳನಂತೆ ಕಂಡನೆಂದು ಕಥೆಯುಂಟು. ಕಾಣದೆ ಇದ್ದೀತೆ? ಹೆಜ್ಜಾರ್ಲೆಯ ಹಾರಾಟವನ್ನೂ ಅವನು ಹೆಜ್ಜೆ ಹೆಜ್ಜೆಯಾಗಿ ಒಂದೇ ಫಲಕದ ಮೇಲೆ ಮೂಡಿಸಿದ. ಆದರೆ ಅವನಿಗೆ ಬೇಕಾಗಿದ್ದುದು ರೆಕ್ಕೆ. ರೆಕ್ಕೆ ಗಾಳಿಯನ್ನು ಹೇಗೆ ತುಳಿಯುತ್ತದೆಂಬುದು ಅವನ ಪ್ರಶ್ನೆ. ಕೊಕ್ಕಿನ ಗೊಡವೆಗೆ ಅವನು ಹೋಗಲಿಲ್ಲ.

ಅವನ ನಂತರ ಬಂದವರೂ ಬಹುಕಾಲ ಹೋಗಲಿಲ್ಲ. ಇಂಗ್ಲೆಂಡಿನ ಕಿಯರ್ಟನ್ ಸೋದರರು, ರಿಚರ್ಡ್ ಮತ್ತು ಚೆರಿ, 1892ರ ಏಪ್ರಿಲಿನಲ್ಲಿ ಮೊಟ್ಟೆಗಳಿದ್ದ ಒಂದು ಹಕ್ಕಿಗೂಡಿನ ಚಿತ್ರ ತೆಗೆದರು. ಅಲ್ಲಿಂದ ಅವರಿಗೆ ಗೂಡಿನ ಹುಚ್ಚು ಹಿಡಿಯಿತು. ಎತ್ತಿನ ಚರ್ಮದೊಳಗೆ ಚೌಕಟ್ಟು ಕಟ್ಟಿ, ಆ ಟೊಳ್ಳು ಎತ್ತಿನ ಹೊಟ್ಟೆಯಲ್ಲಿ ಕ್ಯಾಮೆರಾದೊಡನೆ ಕುಳಿತು ಹೊಲದ ಹಕ್ಕಿಗಳನ್ನು ಮೋಸಗೊಳಿಸಿದವರು ಅವರು. ನಮ್ಮ ಕಡೆಯ ಕೋಲೆಬಸವನ ಹೊಟ್ಟೆಯಲ್ಲಿ ಯಾರಾದರೂ ಹಾಗೆ ಕುಳಿತಿದ್ದರೆ ಏನಾಗುತ್ತಿತ್ತೋ! ಅದೇ ದೇಶದ ಲಾಡ್ಜ್ ಎಂಬಾತ ಮೊಟ್ಟೆಗೆ ಕಾವು ಕೊಡುತ್ತಿದ್ದ ಟಿಟ್ಟಿಭದ ಚಿತ್ರಕ್ಕೆ 1895ರಲ್ಲಿ ರಾಯಲ್ ಫೋಟೊಗ್ರಾಫಿಕ್ ಸೊಸೈಟಿಯ ಪದಕ ಪಡೆದ. ಸಮುದ್ರವನ್ನು ಒಣಗಿಸುತ್ತೇನೆಂದು ಪಂಚತಂತ್ರದಲ್ಲಿ ಪಂಥ ಕಟ್ಟಿದ ಟಿಟ್ಟಿಭದ ಬಳಗದ್ದೇ ಆ ಹಕ್ಕಿ. ಎಮ್ಮಾ ಟರ್ನರ್ ಎಂಬ ಮಹಿಳೆ ನಾರ್ಫೋಕಿನ ಜೊಂಡುಗಾಡಿನಲ್ಲಿ ದೋಣಿಮನೆ ಕಟ್ಟಿಕೊಂಡಿದ್ದವಳು. 1911ರಲ್ಲಿ ಅವಳು ಜೊಂಡುಬಕದ ಒಂದು ಮರಿಯನ್ನು ಚಿತ್ರಿಸಿದಳು. ಆ ನಾಡಿನಲ್ಲಿ ಸಂತಾನವೇ ನಿಂತುಹೋಯಿತೆಂದು ತಿಳಿಯಲಾಗಿದ್ದ ಹಕ್ಕಿ ಮತ್ತೆ ಗೂಡು ಕಟ್ಟಿದೆಯೆಂಬುದಕ್ಕೆ ಆ ಚಿತ್ರವೇ ಸಾಕ್ಷಿಯಾಯಿತು.

ಗೂಡು, ಗೂಡು, ಗೂಡು. ಏಕೆಂದರೆ ಗೂಡು ಕದಲುವುದಿಲ್ಲ. ಭಾರವಾದ ಕ್ಯಾಮೆರಾ, ಗಾಜಿನ ಫಲಕ, ಮಂದ ಬೆಳಕಿಗೆ ಮಂಕಾಗುವ ರಾಸಾಯನಿಕ, ಇವಿಷ್ಟನ್ನು ಕಟ್ಟಿಕೊಂಡವನು ಹಕ್ಕಿಯ ಹಿಂದೆ ಓಡುವುದು ಆಗದ ಮಾತು. ಹಕ್ಕಿ ಎಲ್ಲಿಗೆ ಮರಳಿ ಬರುತ್ತದೆಯೋ ಅಲ್ಲಿ ಕಾಯಬೇಕು. ಮರಿಗಳಿದ್ದರೆ ಹಕ್ಕಿ ಮರಳಿ ಬಂದೇ ಬರುತ್ತದೆ. ಕೆಸರಿನಲ್ಲಿ ಆಹಾರ ಹುಡುಕುವ ಹಕ್ಕಿಗೆ ಇಂಥ ನಿಯಮವಿಲ್ಲ. ಅದು ಮೀನಿದ್ದಲ್ಲಿಗೆ ಹೋಗುತ್ತದೆ, ಮೀನು ನಮ್ಮನ್ನು ಕೇಳಿ ಈಜುವುದಿಲ್ಲ.

ಗೂಡಿನ ಚಿತ್ರಗಳನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಹಕ್ಕಿಯ ಛಾಯಾಚಿತ್ರದ ಚರಿತ್ರೆಯಲ್ಲಿ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕಲಕುವುದು ಗೂಡಿನವೇ ಕೆಲವು ಚಿತ್ರಗಳು. ಹಿಂದೆ ಯೂರೋಪಿನ ಹೆಂಗಸರ ಟೋಪಿಗಳಿಗೆ ಬೆಳ್ಳಕ್ಕಿಯ ಗರಿ ಬೇಕಾಗುತ್ತಿತ್ತು. ಆ ನವಿರಾದ ಗರಿ ಹಕ್ಕಿಗೆ ಮೂಡುವುದು ಸಂತಾನಕಾಲದಲ್ಲಿ. ಆದ್ದರಿಂದ ಬೇಟೆಗಾರರು ಹಕ್ಕಿಯನ್ನು ಕೊಲ್ಲುತ್ತಿದ್ದುದು ಗೂಡಿನಲ್ಲಿ ಮರಿಗಳಿರುವಾಗ. 1906ರಲ್ಲಿ ಆಸ್ಟ್ರೇಲಿಯದ ಆರ್ಥರ್ ಮ್ಯಾಟಿಂಗ್ಲಿ ನ್ಯೂ ಸೌತ್ ವೇಲ್ಸಿನ ಮಥೂರಾ ಬಳಿಯ ಒಂದು ಬೆಳ್ಳಕ್ಕಿಗಳ ನೆಲೆಯಲ್ಲಿ ಅಂಥ ಕೊಲೆಯ ಮರುದೃಶ್ಯವನ್ನು ಕಂಡ. ನೀರಿನಲ್ಲಿ ತೇಲುತ್ತಿದ್ದ ಹೆಣಗಳು. ಮೇಲೆ ಮರದಲ್ಲಿ, ತಂದೆತಾಯಿ ಬರುವರೆಂದು ಕತ್ತು ನೀಡಿ ನೀಡಿ ಸೋತ ಮರಿಗಳು. ಅವನು ಚಿತ್ರ ತೆಗೆದ. ‘ಎಮು’ ಎಂಬ ಪಕ್ಷಿಪತ್ರಿಕೆಯಲ್ಲಿ 1907ರಲ್ಲಿ ಅವು ಅಚ್ಚಾದವು. 1911ರಲ್ಲಿ ಲಂಡನ್ನಿನ ಬೀದಿಗಳಲ್ಲಿ ಕೂಲಿಯಾಳುಗಳು ಎದೆಗೆ ಬೆನ್ನಿಗೆ ಹಲಗೆ ಕಟ್ಟಿಕೊಂಡು ಆ ಚಿತ್ರಗಳನ್ನು ಮೆರೆಸುತ್ತ ನಡೆದರು, ಟೋಪಿ ಕೊಳ್ಳುವವರ ಕಣ್ಣಿಗೆ ಬೀಳಲೆಂದು. ಹಕ್ಕಿಗಳ ರಕ್ಷಣೆಯ ಸಂಘದವರು ಹೂಡಿದ ಉಪಾಯ ಅದು. ಬ್ರಿಟನ್ನು ಗರಿಗಳ ಆಮದನ್ನು ನಿಷೇಧಿಸುವ ಕಾನೂನನ್ನು 1921ರಲ್ಲಿ ಮಾಡಿತು. ನಮ್ಮ ದೇಶದಿಂದ ಗರಿಗಳ ರಫ್ತನ್ನು 1902ರಲ್ಲಿಯೇ ತಡೆಯಲಾಗಿತ್ತು. ಮ್ಯಾಟಿಂಗ್ಲಿಯ ಚಿತ್ರಗಳಲ್ಲಿ ಬೇಟೆಯಾಡುವ ಬೆಳ್ಳಕ್ಕಿಯಿಲ್ಲ, ಮೀನೂ ಇಲ್ಲ. ಬಾರದೆ ಹೋದ ಮೀನಿನ ಚಿತ್ರಗಳು ಅವು. ಹಿಡಿಯುವ ಗಳಿಗೆಯ ಬೆಲೆಯೇನೆಂಬುದನ್ನು, ಅದು ಇಲ್ಲವಾದದ್ದರಿಂದಲೇ, ಅವು ತೋರಿಸಿದವು.

ಭಾರತದ ಕಥೆಯೂ ಗೂಡಿನ ಸುತ್ತಲೇ ತಿರುಗಿತು. ರೈಲ್ವೆಯಲ್ಲಿ ಅಧಿಕಾರಿಯಾಗಿದ್ದ ಲೌದರ್ ಎಂಬ ಇಂಗ್ಲಿಷಿನವನು ಇಲ್ಲಿ ಹಕ್ಕಿಗಳ ಚಿತ್ರ ತೆಗೆದು, ಆ ಅನುಭವಗಳನ್ನು 1949ರಲ್ಲಿ ಪುಸ್ತಕವಾಗಿ ಹೊರತಂದ. ಸಿಂಗಪುರದ ಸಿನಿಮಾ ಉದ್ಯಮಿ ಲೋಕ್ ವಾನ್ ಥೋ, ಸಲೀಂ ಅಲಿಯವರ ಜೊತೆಯಲ್ಲಿ ಭರತಪುರದಿಂದ ಕಾಶ್ಮೀರದವರೆಗೆ ಸುತ್ತಿ, ಮರಗಳಿಗೆ ಅಟ್ಟಣೆ ಕಟ್ಟಿಸಿ, ಮರೆಯಲ್ಲಿ ಕುಳಿತು ಅಪೂರ್ವವಾದ ಚಿತ್ರಗಳನ್ನು ಹಿಡಿದ. ಸಲೀಂ ಅಲಿಯವರ ಒತ್ತಾಯದಿಂದಲೇ ಮೈಸೂರು ಸಂಸ್ಥಾನದಲ್ಲಿ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ನಮ್ಮವರಲ್ಲಿ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ ಮೊದಲಾದವರು ಬೆಂಗಳೂರು, ಮೈಸೂರು ಸೀಮೆಯ ಹೆಸರನ್ನು ಹೊರದೇಶಗಳ ಪ್ರದರ್ಶನಗಳಿಗೆ ಒಯ್ದರು. ಘೋರ್ಪಡೆಯವರು ರಾಜ್ಯದ ಹಣಕಾಸಿನ ಮಂತ್ರಿಗಳಾಗಿಯೂ ಇದ್ದವರು. ಆಯವ್ಯಯದ ನಡುವೆ ಅವರಿಗೆ ಕಾಡಿಗೆ ಹೋಗಲು ಬಿಡುವು ಹೇಗೆ ಸಿಕ್ಕುತ್ತಿತ್ತೆಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಅದೇ ಸಂಡೂರಿನಲ್ಲಿ ಕೆಲವು ವರ್ಷ ನೌಕರಿಯಲ್ಲಿದ್ದ ಎಂ. ಕೃಷ್ಣನ್ ತಮ್ಮ ಕೈಯಿಂದಲೇ ಕೂಡಿಸಿದ ಭಾರೀ ಕ್ಯಾಮೆರಾಕ್ಕೆ ‘ಸೂಪರ್ ಪಾಂಡರೋಸಾ’ ಎಂದು ಹೆಸರಿಟ್ಟು ಹೊತ್ತು ತಿರುಗುತ್ತಿದ್ದರು.

ಇಂಥವರ ಚಿತ್ರಗಳಲ್ಲಿಯೂ ಹೆಚ್ಚಾಗಿ ಕಂಡದ್ದು ಕೊಕ್ಕಿನಲ್ಲಿ ಆಹಾರವನ್ನು ಹಿಡಿದು ಗೂಡಿಗೆ ಬಂದ ಹಕ್ಕಿ. ಬೇಟೆಯ ಮುಗಿತಾಯವದು, ಆರಂಭವಲ್ಲ. ಬಕ, ಕೊಕ್ಕರೆಗಳ ವಿಷಯದಲ್ಲಿ ಅಷ್ಟೂ ಸಿಕ್ಕದು. ಅವು ಹಿಡಿದದ್ದನ್ನು ಗಂಟಲಲ್ಲಿ ಅಡಗಿಸಿ ತಂದು ಮರಿಗಳ ಮುಂದೆ ಕಾರುತ್ತವೆ. ಹಿಡಿದದ್ದು ಎಲ್ಲಿ, ಹೇಗೆ ಎಂಬುದು ಕೆರೆಯಲ್ಲಿಯೇ ಉಳಿಯುತ್ತದೆ.

ಈಗ ನನ್ನ ತಪ್ಪಿನ ಬಳಿಗೆ ಬಂದೆ.

ಕೊಕ್ಕರೆಗಳಲ್ಲಿ ಒಂದು ಜಾತಿಯಿದೆ. ಬೂದುಬಿಳಿಯ ಮೈ, ಕಪ್ಪು ರೆಕ್ಕೆಯಂಚು. ಅದರ ಮೇಲ್ಗೊಕ್ಕು ಕೆಳಗೊಕ್ಕುಗಳು ಬುಡದಲ್ಲಿಯೂ ತುದಿಯಲ್ಲಿಯೂ ಕೂಡುತ್ತವೆ. ನಡುವೆ ಒಂದು ಸಂದು ಉಳಿದು ಆಚೆಯ ಬೆಳಕು ಕಾಣುತ್ತದೆ. ಬಾಯಿ ಕಳೆದುಕೊಂಡೇ ಇರುವ ಹಕ್ಕಿಯೆಂದು ಇದಕ್ಕೆ ಬಾಯ್ಕಳಕವೆಂಬ ಹೆಸರು. ರಂಗನತಿಟ್ಟಿನಲ್ಲಿ ಇದು ಗೂಡು ಕಟ್ಟುತ್ತದೆ. ಸುತ್ತಲಿನ ಗದ್ದೆ, ನಾಲೆ, ಕೆರೆಗಳಲ್ಲಿ ಮೇಯುತ್ತದೆ. ಇದರ ಮುಖ್ಯ ಆಹಾರ ನೀರಿನ ಬಸವನಹುಳು. ದುಂಡು ಚಿಪ್ಪು, ಬಾಗಿಲಿಗೆ ಗಟ್ಟಿ ಮುಚ್ಚಳ. ಮುಟ್ಟಿದರೆ ಒಳಸೇರಿ ಕದವಿಕ್ಕಿಕೊಳ್ಳುತ್ತದೆ. ಅದನ್ನು ಈ ಕೊಕ್ಕು ಹೇಗೆ ತೆರೆಯುತ್ತದೆ?

ಪ್ರಶ್ನೆ ಹಳೆಯದು. ಮದ್ರಾಸಿನ ಸೈನ್ಯದಲ್ಲಿ ವೈದ್ಯನಾಗಿದ್ದ ಜೆರ್ಡನ್, 1862ರಿಂದ 1864ರವರೆಗೆ ಹೊರಬಂದ ತನ್ನ ಭಾರತೀಯ ಪಕ್ಷಿಗಳ ಗ್ರಂಥದಲ್ಲಿ ಈ ಹಕ್ಕಿಯ ವಿಚಾರ ಬರೆದಿದ್ದಾನೆ. ಕಣ್ಣು ಕಟ್ಟಿದರೂ ಅದು ಬಸವನಹುಳುವನ್ನು ಹಿಡಿಯಬಲ್ಲುದೆಂಬುದು ಅವನಿಗೆ ಗೊತ್ತಿತ್ತು. ಅಂದರೆ ಕಣ್ಣಿನ ಕೆಲಸವಲ್ಲ, ಕೊಕ್ಕಿನ ತುದಿಯ ಸ್ಪರ್ಶದ ಕೆಲಸ. ಆದರೆ ಉಳಿದದ್ದೆಲ್ಲ ನಡೆಯುವುದು ಕದಡಿದ ನೀರಿನೊಳಗೆ. ಕಾಣದ್ದನ್ನು ಮನುಷ್ಯ ಊಹೆಯಿಂದ ತುಂಬುತ್ತಾನೆ. ಹಾಗೆ ತುಂಬಿದವರಲ್ಲಿ ಸಾಮಾನ್ಯರಷ್ಟೇ ಇರಲಿಲ್ಲ. ಜೂಲಿಯನ್ ಹಕ್ಸ್‌ಲಿಯಂಥ ಮಹಾವಿಜ್ಞಾನಿ 1960ರಲ್ಲಿ ಒಂದು ಪ್ರಬಂಧ ಬರೆದು, ಸಂಗ್ರಹದ ಕೊಕ್ಕುಗಳನ್ನು ಪರೀಕ್ಷಿಸಿ, ಹಳೆಯ ಬರಹಗಳನ್ನು ತಾಳೆನೋಡಿ, ಆ ಸಂದು ಚಿಪ್ಪನ್ನು ಇಕ್ಕಿ ಒಡೆಯುವ ಸಾಧನವೆಂದು ತೀರ್ಮಾನಿಸಿದ. ಕೊಕ್ಕಿನ ಒರಟು ಅಂಚುಗಳು ಒಡೆದೂ ಒಡೆದೂ ಸವೆದ ಗುರುತುಗಳೆಂದ.

ನಾನು ಹಕ್ಸ್‌ಲಿಯ ಪ್ರಬಂಧವನ್ನು ಓದಿದವನಲ್ಲ. ಆದರೆ ಅದೇ ತೀರ್ಮಾನಕ್ಕೆ ಸ್ವಂತ ಬಲದಿಂದ ಬಂದೆ! ನಮ್ಮಜ್ಜಿಯ ಎಲೆಯಡಕೆಯ ಚೀಲದಲ್ಲಿ ಒಂದು ಅಡಕೊತ್ತು ಇತ್ತು. ಎರಡು ಅಲಗುಗಳ ನಡುವೆ ಅಡಕೆ ಕೂರುವ ಸಂದು. ಬಾಯ್ಕಳಕದ ಕೊಕ್ಕಿಗೂ ಅದಕ್ಕೂ ಎಂಥ ಹೋಲಿಕೆ! 1979ರ ಬೇಸಗೆಯಲ್ಲಿ, ಶ್ರೀರಂಗಪಟ್ಟಣದಿಂದ ಸ್ವಲ್ಪ ದೂರದ ಒಂದು ಬತ್ತುತ್ತಿದ್ದ ಕೆರೆಯಲ್ಲಿ, ಒಂದು ಬಾಯ್ಕಳಕ ಬಸವನಹುಳುವೊಂದನ್ನು ಕಚ್ಚಿ ತಲೆಯೆತ್ತಿದ ಕ್ಷಣ ನನ್ನ ಫಿಲಮ್ಮಿಗೆ ಸಿಕ್ಕಿತು. 36 ಚಿತ್ರಗಳ ಸುರುಳಿಯಲ್ಲಿ ಅದೊಂದು. ನನ್ನ ಕ್ಯಾಮೆರಾದಲ್ಲಿ ಒಂದೊಂದು ಚಿತ್ರಕ್ಕೂ ಹೆಬ್ಬೆರಳಿನಿಂದ ಸುರುಳಿಯನ್ನು ಎಳೆದುಕೊಳ್ಳಬೇಕಾಗಿತ್ತು. ಸುರುಳಿ ತೊಳೆದು ನೋಡುವವರೆಗೆ ಏನು ಸಿಕ್ಕಿತೆಂಬುದು ತಿಳಿಯುತ್ತಿರಲಿಲ್ಲ. ಕತ್ತಲ ಕೋಣೆಯ ಕೆಂಪು ಬೆಳಕಿನಲ್ಲಿ, ತಟ್ಟೆಯ ದ್ರಾವಣದೊಳಗೆ ಆ ಚಿತ್ರ ಮೆಲ್ಲಮೆಲ್ಲನೆ ಮೂಡಿದಾಗ ನಾನು ಮನೆಯವರನ್ನೆಲ್ಲ ಕೂಗಿ ಎಬ್ಬಿಸಿದೆ. ನಾನು ನಿಂತಿದ್ದ ಕೋನದಿಂದ ಚಿಪ್ಪು ಕೊಕ್ಕಿನ ಸಂದಿನಲ್ಲಿಯೇ ಸಿಕ್ಕಿಕೊಂಡಂತೆ ಕಾಣುತ್ತಿತ್ತು. ಚಿತ್ರ ಒಂದು ಪತ್ರಿಕೆಯಲ್ಲಿ ಬಂತು. ‘ಹಕ್ಕಿಯ ಅಡಕೊತ್ತು’ ಎಂದು ಶೀರ್ಷಿಕೆ ಕೊಟ್ಟು, ಈ ಕೊಕ್ಕರೆ ಚಿಪ್ಪನ್ನು ಅಡಕೆಯಂತೆ ಒಡೆದು ತಿನ್ನುತ್ತದೆಂದು ಕೆಳಗೆ ನಾಲ್ಕು ಸಾಲು ಬರೆದಿದ್ದೆ. ಶೀರ್ಷಿಕೆಯೂ ನನ್ನದು, ಸಾಲುಗಳೂ ನನ್ನವು. ಹಲವರು ಮೆಚ್ಚಿ ಬರೆದರು.

ಮೆಚ್ಚದೆ ಬರೆದವರು ಒಬ್ಬರು. ಪ್ರಾಣಿಶಾಸ್ತ್ರದ ನಿವೃತ್ತ ಅಧ್ಯಾಪಕರು, ಪರಿಚಯವಿರಲಿಲ್ಲ. ಒಂದು ಕಾರ್ಡು, ಅದರಲ್ಲಿ ಒಂದೇ ಪ್ರಶ್ನೆ: ಒಡೆದ ಚಿಪ್ಪನ್ನು ತಾವು ಕಂಡದ್ದುಂಟೆ?

ನನಗೆ ಸಿಟ್ಟು ಬಂತು. ಚಿತ್ರವೇ ಇರುವಾಗ ಪ್ರಶ್ನೆಯೇನು? ಆದರೂ ಮುಂದಿನ ಭಾನುವಾರ ಅದೇ ಕೆರೆಗೆ ಹೋದೆ. ಹಕ್ಕಿಗಳು ಮೇದುಹೋಗಿದ್ದ ಒಣ ಕೆಸರಿನ ಮೇಲೆ ಖಾಲಿ ಚಿಪ್ಪುಗಳು ಬಿದ್ದಿದ್ದವು. ಆಯ್ದು ಪಂಚೆಯ ಸೆರಗಿನಲ್ಲಿ ತುಂಬಿಕೊಂಡೆ. ಒಂದರ ಅಂಚು ಚೂರು ಮುಕ್ಕಾಗಿತ್ತು, ಮಿಕ್ಕವೆಲ್ಲ ಇಡಿಯಾಗಿದ್ದವು. ಒಳಗೆ ಹುಳುವಿಲ್ಲ, ಬಾಗಿಲಲ್ಲಿ ಮುಚ್ಚಳವಿಲ್ಲ, ಗೋಡೆ ಮಾತ್ರ ಭದ್ರ. ಕಳ್ಳ ಗೋಡೆ ಒಡೆದಿರಲಿಲ್ಲ, ಬಾಗಿಲಿನಿಂದಲೇ ಹೊಕ್ಕಿದ್ದ.

ಅಂದು ರಾತ್ರಿ ಹಳೆಯ ನೆಗೆಟಿವ್‌ಗಳ ಡಬ್ಬಿಯನ್ನು ತೆರೆದೆ. ಎರಡು ವರ್ಷ ಹಿಂದೆ ರಂಗನತಿಟ್ಟಿನಲ್ಲಿ ತೆಗೆದ ಗೂಡಿನ ಚಿತ್ರಗಳಲ್ಲಿ ಬಾಯ್ಕಳಕದ ಬೆಳೆದ ಮರಿಗಳಿದ್ದವು. ಅವುಗಳ ಕೊಕ್ಕಿನಲ್ಲಿ ಸಂದಿರಲಿಲ್ಲ. ಮೇಲಿನದೂ ಕೆಳಗಿನದೂ ನೇರವಾಗಿ, ಬೇರೆ ಕೊಕ್ಕರೆಗಳಂತೆಯೇ ಕೂಡಿದ್ದವು. ಸಂದು ಮೂಡುವುದು ವಯಸ್ಸಾದಂತೆ. ಸಂದಿಲ್ಲದ ಎಳೆಯ ಹಕ್ಕಿಯೂ ಗೂಡು ಬಿಟ್ಟ ಮೇಲೆ ಬಸವನಹುಳುವನ್ನೇ ತಿಂದು ಬದುಕುತ್ತದೆ. ಹಾಗಿದ್ದಮೇಲೆ ಸಂದು ಅಡಕೊತ್ತು ಹೇಗಾದೀತು? ಉತ್ತರ ನನ್ನ ಡಬ್ಬಿಯಲ್ಲಿಯೇ ಎರಡು ವರ್ಷದಿಂದ ಮಲಗಿತ್ತು. ನಾನು ಅದನ್ನು ಬೆಳಕಿಗೆ ಹಿಡಿದು ‘ಮುದ್ದಾದ ಮರಿಗಳು’ ಎಂದಷ್ಟೇ ಬರೆದಿಟ್ಟಿದ್ದೆ.

ಆ ಅಧ್ಯಾಪಕರಿಗೆ ಉತ್ತರ ಬರೆದೆ. ಅವರು ಮರುಟಪಾಲಿನಲ್ಲಿ ಅಮೆರಿಕದ ಫಿಲಿಪ್ ಕಾಲ್ ಎಂಬ ಕೊಕ್ಕರೆಗಳ ತಜ್ಞನ ಸಂಗತಿ ತಿಳಿಸಿದರು. ನನ್ನ ಚಿತ್ರಕ್ಕೆ ಎಂಟು ವರ್ಷ ಮುಂಚೆಯೇ, 1971ರಲ್ಲಿ, ಕಾಲ್ ಬಾಯ್ಕಳಕಗಳ ಊಟದ ರೀತಿಯ ಬಗೆಗೆ ಪ್ರಬಂಧ ಪ್ರಕಟಿಸಿದ್ದ. ಹಕ್ಕಿ ಮೇಲ್ಗೊಕ್ಕಿನಿಂದ ಚಿಪ್ಪನ್ನು ನೆಲಕ್ಕೆ ಅದುಮಿ ಹಿಡಿದು, ಕೆಳಗೊಕ್ಕಿನ ಚೂಪಾದ ತುದಿಯನ್ನು ಮುಚ್ಚಳದ ಪಕ್ಕದಿಂದ ಒಳಕ್ಕೆ ತೂರಿಸಿ, ಹುಳುವನ್ನು ಬಿಡಿಸಿ ಹೊರಕ್ಕೆಳೆಯುತ್ತದೆ. ಕೆಳಗೊಕ್ಕಿನ ತುದಿ ಅನೇಕ ಹಕ್ಕಿಗಳಲ್ಲಿ ಬಲಕ್ಕೆ ಸೊಟ್ಟಗಿರುತ್ತದೆ. ಚಿಪ್ಪಿನ ಸುರುಳಿಯೂ ಬಲಕ್ಕೇ ಸುತ್ತಿಕೊಂಡಿರುತ್ತದೆ. ಇದೆಲ್ಲವೂ ಸಾಮಾನ್ಯವಾಗಿ ನೀರಿನೊಳಗೇ ಮುಗಿದುಹೋಗುತ್ತದೆ. ನನ್ನ ಚಿತ್ರದಲ್ಲಿದ್ದುದು ಬೇಟೆಯೂ ಅಲ್ಲ, ಊಟವೂ ಅಲ್ಲ. ಹುಳುವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುತ್ತಿದ್ದ ಹಕ್ಕಿ. ಚಿತ್ರ ಸುಳ್ಳು ಹೇಳಿರಲಿಲ್ಲ. ಅದರ ಬಾಯಲ್ಲಿ ಸುಳ್ಳನ್ನಿಟ್ಟವನು ನಾನು. ತಿದ್ದುಪಡಿ ಬರೆದು ಕಳಿಸಿದೆ. ಅದು ಅಚ್ಚಾಗಲಿಲ್ಲ, ತಿದ್ದುಪಡಿಗೆ ಚಿತ್ರದಷ್ಟು ಅಂದವಿರುವುದಿಲ್ಲವಷ್ಟೆ.

ಈ ಕಾಲ್ ಅದಕ್ಕೂ ಮೊದಲೇ ಒಂದು ವಿಚಿತ್ರ ಪ್ರಯೋಗ ಮಾಡಿದ್ದ. ಜೆರ್ಡನ್ ಕಾಲದಿಂದ ಹೆಚ್ಚುಕಡಮೆ ನೂರು ವರ್ಷಗಳ ತರುವಾಯ ಇವನೂ ಒಂದು ಕೊಕ್ಕರೆಯ ಕಣ್ಣು ಮುಚ್ಚಿದ. ನಮ್ಮ ಕೊಕ್ಕರೆಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಯಿದೆಯಲ್ಲ, ಅದರ ಅಮೆರಿಕದ ದಾಯಾದಿಯೊಂದು. ಈ ಹಕ್ಕಿಗಳು ಅರೆತೆರೆದ ಕೊಕ್ಕನ್ನು ನೀರಿನಲ್ಲಿಳಿಬಿಟ್ಟು ಮೆಲ್ಲಗೆ ನಡೆಯುತ್ತವೆ. ಮೀನು ತಗುಲಿದರೆ ಕೊಕ್ಕು ಮುಚ್ಚುತ್ತದೆ. ತಗುಲಿದ್ದಕ್ಕೂ ಮುಚ್ಚಿದ್ದಕ್ಕೂ ನಡುವಿನ ಕಾಲವನ್ನು ಕಾಲ್ ಮತ್ತು ಅವನ ಜೊತೆಗಾರ ಪೀಕಾಕ್ 1963ರಲ್ಲಿ ಪ್ರಕಟಿಸಿದರು: ಸೆಕೆಂಡಿನ ಸಾವಿರ ಪಾಲುಗಳಲ್ಲಿ ಸುಮಾರು 25 ಪಾಲು.

ಈ ಲೆಕ್ಕವನ್ನು ಓದಿದಾಗ ನನ್ನ ಅನೇಕ ವರ್ಷಗಳ ಸೋಲಿಗೆ ಕಾರಣ ಸಿಕ್ಕಿತು. ಕಣ್ಣು ಕಂಡದ್ದಕ್ಕೆ ಮನುಷ್ಯನ ಬೆರಳು ಓಗೊಡಲು ಸುಮಾರು 200 ಪಾಲು ಬೇಕು. ಮೋಟಾರು ಜೋಡಿಸಿದ, ಸೆಕೆಂಡಿಗೆ ಐದು ಚಿತ್ರ ಹಿಡಿಯುವ ಆ ಕಾಲದ ದುಬಾರಿ ಕ್ಯಾಮೆರಾ ಇದ್ದರೂ ಎರಡು ಚಿತ್ರಗಳ ನಡುವೆ ಮತ್ತೆ 200 ಪಾಲು. ಅಷ್ಟರಲ್ಲಿ ಕೊಕ್ಕರೆ ಎಂಟು ಸಲ ಕೊಕ್ಕು ಮುಚ್ಚಬಹುದು. ಕೊಕ್ಕು ಮುಚ್ಚಿದ್ದನ್ನು ನೋಡಿ ಗುಂಡಿ ಒತ್ತಿದವನು, ಊಟ ಮುಗಿದ ಮೇಲೆ ಛತ್ರಕ್ಕೆ ಬಂದವನ ಹಾಗೆ. ಷಟರ್ ಎಷ್ಟು ಚುರುಕಾದರೇನು? ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಚಿತ್ರ ಹಿಡಿಯುವ ಕ್ಯಾಮೆರಾದ ಹಿಂದೆ 200 ಪಾಲು ತಡವಾಗುವ ಮನುಷ್ಯ ಕುಳಿತಿದ್ದಾನೆ.

ಹಾಗಾದರೆ ಅಂಥ ಚಿತ್ರಗಳನ್ನು ತೆಗೆದವರು ಹೇಗೆ ತೆಗೆದರು? ಆಗುವ ಮೊದಲೇ ಒತ್ತಿದರು. ಬೇರೆ ದಾರಿಯಿರಲಿಲ್ಲ. ಏನೂ ಆಗದಿರುವಾಗ ಒತ್ತಬೇಕೆಂದರೆ ಏನಾಗಲಿದೆಯೆಂದು ತಿಳಿದಿರಬೇಕು. ತಿಳಿಯಬೇಕೆಂದರೆ ಹಕ್ಕಿಯೊಡನೆ ದಿನಗಟ್ಟಲೆ ಇರಬೇಕು. ನನಗೆ ಈ ಪಾಠ ಹೇಳಿದವನು ಅದೇ ಕೆರೆಯಲ್ಲಿ ಬಲೆ ಬೀಸುತ್ತಿದ್ದ ಬೆಸ್ತರ ಹಿರಿಯ. ಮರೆಯ ಗುಡಾರದೊಳಗಿನ ನನ್ನ ಪರದಾಟವನ್ನು ಮೂರು ದಿನ ನೋಡಿ, ನಾಲ್ಕನೆಯ ದಿನ ಬಳಿಗೆ ಬಂದು, “ಕತ್ತು ನೋಡ್ಬ್ಯಾಡಿ ಸ್ವಾಮಿ, ಕಾಲು ನೋಡಿ. ಕಾಲು ನಿಂತ ಮ್ಯಾಕೆ ಕತ್ತು ಓಯ್ತದೆ” ಎಂದ. ಕೊಳದ ಬಕ ತೆವಳಿದಂತೆ ಹೆಜ್ಜೆಯಿಡುತ್ತದೆ. ಮೀನು ಅಳತೆಗೆ ಬಂದೊಡನೆ ಹೆಜ್ಜೆ ಅರ್ಧಕ್ಕೇ ನಿಲ್ಲುತ್ತದೆ. ಸಣ್ಣ ಬೆಳ್ಳಕ್ಕಿ ತನ್ನ ಹಳದಿ ಪಾದವನ್ನು ಕೆಸರಿನಲ್ಲಿ ನಡುಗಿಸಿ ಅಡಗಿದ್ದನ್ನು ಎಬ್ಬಿಸುತ್ತದೆ; ಆ ನಡುಕ ನಿಂತರೆ ಹೊತ್ತು ಹತ್ತಿರ ಬಂತು. ಚಮಚಕೊಕ್ಕಿನ ಹಕ್ಕಿ ಕುಡುಗೋಲು ಬೀಸಿದಂತೆ ಎಡಬಲಕ್ಕೆ ಕೊಕ್ಕಾಡಿಸುತ್ತದೆ. ಅದರ ಲಯ ತಪ್ಪಿದ ಕಡೆ ಆಹಾರವಿದೆ. ಬೆಸ್ತನ ಮಾತು ಕೇಳಿದ ಮೇಲೆ ನನ್ನ ಸುರುಳಿಗಳಲ್ಲಿ ಹತ್ತಕ್ಕೆ ಒಂದಾದರೂ ಚಿತ್ರದಲ್ಲಿ ಕೊಕ್ಕು ನೀರನ್ನು ಮುಟ್ಟುವ ಹೊತ್ತು ಸಿಕ್ಕತೊಡಗಿತು. ಉಳಿದ ಒಂಬತ್ತರಲ್ಲಿ ಬಕಧ್ಯಾನ.

ಆ ಧ್ಯಾನವನ್ನು ಕುರಿತು ಇನ್ನೊಂದು ಸಂಗತಿಯಿದೆ. ನೀರು ತುಂಬಿದ ಬಿಂದಿಗೆಯಲ್ಲಿ ಕಡ್ಡಿಯಿಟ್ಟರೆ ಮುರಿದಂತೆ ಕಾಣುವುದು ಮಕ್ಕಳಿಗೂ ಗೊತ್ತು. ನೇರವಾಗಿ ಮೇಲಿನಿಂದ ನೋಡಿದರೆ ನಾಲ್ಕು ಅಡಿ ಆಳದ ತಿಳಿನೀರು ಮೂರೇ ಅಡಿಯಂತೆ ತೋರುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಮೋಸ. ಮೀನು ಕಾಣುವಲ್ಲಿ ಮೀನಿಲ್ಲ. ಬಕ ನೋಡುವುದು ಸದಾ ಓರೆಯಾಗಿಯೇ; ಆದರೂ ಅದು ಗುರಿ ತಪ್ಪುವುದು ವಿರಳ. ಇಸ್ರೇಲಿನ ಕಟ್ಸೀರ್ ಮತ್ತು ಇಂಟ್ರೇಟರ್ ಎಂಬ ಇಬ್ಬರು, ನಮ್ಮ ಪಶ್ಚಿಮ ಕರಾವಳಿಯಲ್ಲಿಯೂ ಕಾಣುವ ಕಡಲಂಚಿನ ಬಕವೊಂದರ ಬೇಟೆಯನ್ನು ಚಿತ್ರಿಸಿ, ಚಿತ್ರ ಚಿತ್ರವನ್ನೂ ಅಳೆದು 1987ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಗುವ ಮುನ್ನ ಹಕ್ಕಿ ತನ್ನ ತಲೆಯನ್ನು ಒಂದು ಗೊತ್ತಾದ ನೆಲೆಗೆ ತರುತ್ತದೆ. ಅಲ್ಲಿಂದ ನೋಡಿದಾಗ ಮೀನು ಇರುವಂತೆ ತೋರುವ ಆಳಕ್ಕೂ ನಿಜವಾಗಿ ಇರುವ ಆಳಕ್ಕೂ ಒಂದು ನಿಶ್ಚಿತ ಸಂಬಂಧವಿರುತ್ತದೆ. ಆ ನೆಲೆ ಸಿಕ್ಕಿದ ಮೇಲೆಯೇ ಎರಗುವುದು. ನಮ್ಮವರು ಕಪಟವೆಂದು ಕರೆದ ಆ ನಿಶ್ಚಲತೆಯೊಳಗೆ ಒಂದು ಕ್ಷೇತ್ರಗಣಿತ ನಡೆದಿತ್ತು. ಪಾಪ, ಪಂಚತಂತ್ರದ ಬಕಕ್ಕೆ ಸಮರ್ಥಿಸಿಕೊಳ್ಳಲು ಆಗ ಕ್ಯಾಮೆರಾ ಇರಲಿಲ್ಲ.

ಈಚಿನ ಕಾಲದ ಮಾತು ಬೇರೆ. 2016ರಲ್ಲಿ ಮಾರುಕಟ್ಟೆಗೆ ಬಂದ ಒಂದು ಒಲಿಂಪಸ್ ಕ್ಯಾಮೆರಾ, ನಾವು ಗುಂಡಿಯನ್ನು ಅರ್ಧ ಒತ್ತಿ ಹಿಡಿದಿದ್ದರೆ, ತನ್ನಷ್ಟಕ್ಕೆ ಚಿತ್ರಗಳನ್ನು ನೆನಪಿನಲ್ಲಿಟ್ಟುಕೊಂಡು, ಪೂರ್ತಿ ಒತ್ತಿದಾಗ ಒತ್ತುವುದಕ್ಕೆ ಹಿಂದಿನ ಚಿತ್ರಗಳನ್ನೂ ಕೊಡುತ್ತಿತ್ತು. ಅಂದರೆ ಮನುಷ್ಯನ ಆ 200 ಪಾಲಿನ ತಡವನ್ನು ಯಂತ್ರವೇ ತುಂಬಿಕೊಟ್ಟಿತು. ಆಮೇಲೆ ಬೇರೆಯವರೂ ಇಂಥವನ್ನು ಮಾಡಿದರು. ಗೂಡಿನ ಬಳಿ ಹೋಗಿ ಮರಿಗಳನ್ನು ಅಪಾಯಕ್ಕೆ ಒಡ್ಡುವುದು ಈಗ ತಪ್ಪೆಂದು ಎಣಿಸಲಾಗಿದೆ. ಗೂಡಿನ ಚಿತ್ರಗಳನ್ನು ಅನೇಕ ಸ್ಪರ್ಧೆಗಳು ಸ್ವೀಕರಿಸುವುದಿಲ್ಲ. ಇದು ಬಹಳ ಒಳ್ಳೆಯದಾಯಿತೆಂದೇ ನನ್ನ ಭಾವನೆ. ನಾನು ಹಿಂದೆ ಗೂಡಿನ ಮುಂದಿನ ಕೊಂಬೆಗಳನ್ನು ಹಗ್ಗದಿಂದ ಪಕ್ಕಕ್ಕೆ ಕಟ್ಟಿ ಚಿತ್ರ ತೆಗೆದದ್ದುಂಟು. ಬಿಸಿಲಿಗೆ ಬಾಯಿ ಬಿಡುತ್ತಿದ್ದ ಮರಿಗಳು ಆ ಚಿತ್ರಗಳಲ್ಲಿ ಹಾಗೆಯೇ ಉಳಿದಿವೆ. ಆದರೆ ಗೂಡು ಬಿಟ್ಟು ಬೇಟೆಗೆ ಬಂದವರು ಇನ್ನೊಂದು ಅಡ್ಡದಾರಿಯನ್ನೂ ಹಿಡಿದಿದ್ದಾರೆ. ತೊಟ್ಟಿಯಲ್ಲಿ ಮೀನು ಬಿಟ್ಟು, ಮೇಲೊಂದು ಕೊಂಬೆ ನೆಟ್ಟು, ಹಕ್ಕಿಯನ್ನು ಅಲ್ಲಿಗೇ ಕರೆಸಿಕೊಳ್ಳುವುದು. ಅಲ್ಲಿ ಹಕ್ಕಿ ನಿಜ, ಮೀನು ನಿಜ, ಹನಿಗಳೂ ನಿಜ. ಬೇಟೆ ಮಾತ್ರ ಸುಳ್ಳು. ಒಂದು ಸುಳ್ಳು ಶೀರ್ಷಿಕೆ ಬರೆದ ನಾನು ಇವರನ್ನು ಬಹಳವಾಗಿ ಬಯ್ಯಲಾರೆ. ಆದರೂ ನನ್ನ ಸುಳ್ಳು ತಿಳಿಯದೆ ಹೇಳಿದ್ದು.

ಕಳೆದ ಬೇಸಗೆಯಲ್ಲಿ ನೆರೆಮನೆಯ ಹುಡುಗನೊಬ್ಬ ಹೊಸ ಕ್ಯಾಮೆರಾ ತಂದು, ಬಾಯ್ಕಳಕ ಹುಳು ತಿನ್ನುವುದನ್ನು ಹಿಡಿಯಬೇಕು ತಾತ, ಬನ್ನಿ ಎಂದು ಕರೆದುಕೊಂಡು ಹೋದ. ಅದೇ ಕೆರೆ, ಈಗ ಏರಿಯ ಮೇಲೆ ಡಾಂಬರು ರಸ್ತೆಯಿದೆ. ಒಂದು ಹಕ್ಕಿ ಮೊಣಕಾಲುದ್ದ ನೀರಿನಲ್ಲಿ ನಿಂತು, ತಲೆಯನ್ನು ಕಣ್ಣಿನವರೆಗೂ ಮುಳುಗಿಸಿ ಕತ್ತನ್ನು ಸಣ್ಣಗೆ ಅಲುಗಿಸುತ್ತಿತ್ತು. ಹುಡುಗ ಗುಂಡಿ ಒತ್ತಿದ. ಯಂತ್ರ ಜೀರುಂಡೆಯಂತೆ ಸದ್ದು ಮಾಡಿತು. ಆಮೇಲೆ ಕ್ಯಾಮೆರಾದ ಬೆನ್ನ ಮೇಲಿನ ಪುಟ್ಟ ತೆರೆಯಲ್ಲಿ ಚಿತ್ರಗಳನ್ನು ಒಂದೊಂದಾಗಿ ಸರಿಸಿದ. ಅರವತ್ತಕ್ಕೂ ಮೇಲೆ ಚಿತ್ರಗಳು. ಎಲ್ಲದರಲ್ಲಿಯೂ ತಲೆಯಿಲ್ಲದ ಒಂದು ಕೊಕ್ಕರೆ, ಕತ್ತಿನ ಸುತ್ತ ಉಂಗುರ ಉಂಗುರವಾಗಿ ಹರಡುವ ನೀರು. ಕೊನೆಯದರಲ್ಲಿ ಕೊಕ್ಕು ಮೇಲೆ ಬಂದಿತ್ತು, ತುದಿಯಲ್ಲಿ ಚಿಪ್ಪಿಲ್ಲದ ಹುಳು.

“ಏನೂ ಸಿಗಲಿಲ್ಲ ತಾತ” ಎಂದು ಅವನು ಎಲ್ಲವನ್ನೂ ಅಳಿಸಹೊರಟ. ಬೇಡವೆಂದು ಅವನ ಕೈ ಹಿಡಿದೆ. ಹಕ್ಕಿ ಅತ್ತ ಸರಿದ ಮೇಲೆ ಅದು ನಿಂತಿದ್ದ ಜಾಗಕ್ಕೆ ಇಳಿದು, ಕೆಸರಿನಲ್ಲಿ ಕೈಯಾಡಿಸಿ, ಚಿಪ್ಪನ್ನು ಹುಡುಕಿ ತೆಗೆದು, ತೊಳೆದು ಅವನಿಗೆ ಕೊಟ್ಟೆ. ಅವನು ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ.